ಹಂದಿ ಹಾರಿದ ಮನೆ

ಕಂಪನಿ ಆರ್ಬಿನ್ ಟ್ಯಾಕೆಟ್‌ಗೆ ನಾಲ್ಕು ದಿನದ ಕೂಲಿ ಕೊಡಬೇಕಿತ್ತು, ಕೊಡಲಿಲ್ಲ. ಯೂನಿಯನ್ ಬಿಟ್ಟಿದ್ದೇನೆಂಬ ಕಾಗದಕ್ಕೆ ಸಹಿ ಹಾಕಿದರೆ ಕೊಡುತ್ತೇವೆ ಎಂದರು. ಅವನು ಹಾಕಲಿಲ್ಲ. ಆ ಕಂಪನಿ ಮುಚ್ಚಿ ಕಾಲು ಶತಮಾನ ಕಳೆಯಿತು, ಅದರ ಆಫೀಸು ಇದ್ದ ಜಾಗದಲ್ಲಿ ಮುಳ್ಳುಪೊದೆ ಆಳೆತ್ತರ ಬೆಳೆದಿದೆ. ಆ ಬಾಕಿಯ ಮಾತು ಬಿಡಿ. ಗೂಸ್‌ಬೆರಿ ತೊರೆಯ ಜನ, ಅಂದರೆ ನಾವು, ಅವನಿಗೆ ಉಳಿಸಿಕೊಂಡಿರುವ ಬಾಕಿ ಬೇರೆ ಇದೆ. ಎಂಟು ಸಾಲು. ಒಂದು ಹಂದಿಯ ಹಾಡಿನ ಎಂಟು ಸಾಲು.

ಹಾಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. 1958ರ ನವೆಂಬರಿನಲ್ಲಿ, ಕೊಯ್ಯಬೇಕೆಂದಿದ್ದ ದಿನ ಬೆಳಿಗ್ಗೆ, ಅಂಗಡಿಯವನ ಹಂದಿ ಹಗ್ಗ ಹರಿದುಕೊಂಡು ಓಡಿತು. ಅದರ ಹೆಸರು ಸೆನೆಟರ್. ವರ್ಷವಿಡೀ ತಿನ್ನುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಪೂರ್ವ ಕೆಂಟಕಿಯ ನಮ್ಮ ಕಡೆ ಊರೆಂದರೆ ಒಂದು ತೊರೆ. ಎರಡು ಬೆಟ್ಟದ ನಡುವೆ ನೀರು, ನೀರಿನ ಪಕ್ಕ ಒಂದೇ ರಸ್ತೆ, ರಸ್ತೆಯುದ್ದಕ್ಕೂ ಇಪ್ಪತ್ತಮೂರು ಮನೆ. ಹಂದಿಗೆ ಓಡಲು ಬೇರೆ ದಾರಿಯೇ ಇರಲಿಲ್ಲ. ಕೆಳಗಿನ ಅಂಗಡಿಯಿಂದ ತೊರೆ ಹುಟ್ಟುವ ಜಾಗದವರೆಗೆ ನಾಲ್ಕು ಮೈಲಿ, ಒಂದು ಮನೆಯನ್ನೂ ಬಿಡದೆ ನುಗ್ಗಿಕೊಂಡು ಹೋಗಿ ಬೆಟ್ಟ ಹತ್ತಿತು. ಆಮೇಲೆ ಯಾರಿಗೂ ಸಿಗಲಿಲ್ಲ.

ಆ ಚಳಿಗಾಲ ನಮ್ಮ ತೊರೆಯ ಹಾಡುಗಾರ್ತಿ ಐಸಿ ಅಜ್ಜಿ ಬ್ಯಾಂಜೊ ಮಡಿಲಲ್ಲಿಟ್ಟುಕೊಂಡು ಮನೆಗೊಂದು ಪದ್ಯ ಕಟ್ಟಿದಳು. ಹಂದಿ ಹೋದ ದಾರಿಯಲ್ಲೇ ಹಾಡೂ ಹೋಗುತ್ತದೆ, ಮನೆಯಿಂದ ಮನೆಗೆ. ಮೇಷ್ಟರ ಹೆಂಡತಿಯ ಚೌರಿ ಎಳೆದುಕೊಂಡು ಹೋದದ್ದು, ನಮ್ಮಪ್ಪ ಕದ್ದು ಸಾರಾಯಿ ಕಾಯಿಸಲು ಕೊಳೆಹಾಕಿದ್ದ ಮೆಕ್ಕೆಜೋಳ ತಿಂದು ಹಂದಿ ಅಮಲೇರಿಸಿಕೊಂಡದ್ದು, ಜ್ಞಾನಸ್ನಾನ ಮಾಡಿಸಲು ತೊರೆಯಲ್ಲಿ ಸೊಂಟದವರೆಗೆ ನಿಂತು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ ಪಾದ್ರಿ ಕೈಗೆ ಸಿಕ್ಕ ಹಂದಿಯನ್ನೇ ಮುಳುಗಿಸಿ ದೀಕ್ಷೆ ಕೊಟ್ಟದ್ದು. ಪ್ರತಿ ಪದ್ಯದ ಕೊನೆಗೂ ಎಲ್ಲರೂ ಕಾಲಿನಿಂದ ನೆಲ ಗುದ್ದಿ ಕೂಗಬೇಕು: "ಓಡೋ ಸೆನೆಟರ್, ಓಡೋ!"

ಇದಕ್ಕೊಂದು ಕಟ್ಟುಪಾಡಿತ್ತು. ತನ್ನ ಪದ್ಯವನ್ನು ತಾನು ಕಟ್ಟುವಂತಿಲ್ಲ, ತಾನು ಹಾಡುವಂತಿಲ್ಲ, ಬೇಕೆಂದು ಕೇಳುವಂತಿಲ್ಲ. ನಿನ್ನ ಮನೆ ಬಂದಾಗ ನೀನು ಬಾಯಿ ಮುಚ್ಚಿ ಕೂರಬೇಕು, ಮಿಕ್ಕವರು ನಿನ್ನ ಮುಖ ನೋಡಿಕೊಂಡು ಹಾಡಬೇಕು. ಹೊಸದಾಗಿ ಮದುವೆಯಾಗಿ ಮನೆ ಹೂಡಿದವರಿಗೆ ಶಾಲೆಯಲ್ಲಿ ಪೈ ಹರಾಜಿನ ದಿನ, ಅಂದರೆ ಹೆಂಗಸರು ಬೇಯಿಸಿ ತಂದ ಸಿಹಿ ಪೈಗಳನ್ನು ಕೂಗಿ ಮಾರಿ ಶಾಲೆಗೆ ಹಣ ಕೂಡಿಸುವ ದಿನ, ಪದ್ಯ ಸಿಗುತ್ತಿತ್ತು. ಪದ್ಯ ಸಿಕ್ಕಿತೆಂದರೆ ಅವರು ಊರಿನವರಾದರು. ಲೆಕ್ಸಿಂಗ್ಟನ್ನಿನಿಂದ ಬಂದ ಒಬ್ಬ ಟೀಚರಮ್ಮ, ಒಳ್ಳೆಯವಳೇ, "ನನಗೂ ಒಂದು ಕಟ್ಟಿ ಅಜ್ಜಿ" ಎಂದು ನಗುನಗುತ್ತಾ ಕೇಳಿದಳು. ಎರಡು ವರ್ಷ ಪಾಠ ಮಾಡಿ ಪದ್ಯವಿಲ್ಲದೆ ವಾಪಸು ಹೋದಳು.

"ಕೊಟ್ಟಿದ್ರೆ ಏನಾಗ್ತಿತ್ತಜ್ಜಿ?" ಎಂದು ನಾನು ಕೇಳಿದ್ದೆ.

"ಕೇಳಿ ಇಸ್ಕೊಂಡ ನಗು ನಗು ಅಲ್ಲ ಕಣೇ, ಕೆಮ್ಮು," ಎಂದಿದ್ದಳು ಐಸಿ ಅಜ್ಜಿ.

ಹಂದಿ ಓಡಿದಾಗ ಆರ್ಬಿನ್‌ಗೆ ಇಪ್ಪತ್ತೇಳು. ತೊರೆಯ ಮಧ್ಯಭಾಗದಲ್ಲಿ, ಹನ್ನೊಂದನೆಯ ಮನೆ ಅವನದು. ಮದುವೆಯಾಗಿ ಆರು ತಿಂಗಳು, ಹೆಂಡತಿ ಜೆಲ್ಲಾ. ರಾತ್ರಿ ಪಾಳಿ ಮುಗಿಸಿ ಗಣಿಯಿಂದ ಬಂದು ಹಿತ್ತಿಲಲ್ಲಿ ತಗಡಿನ ತೊಟ್ಟಿಯಲ್ಲಿ ಕೂತು ಮೈ ತೊಳೆಯುತ್ತಿದ್ದವನ ಮೇಲೆ ಹಂದಿ ನುಗ್ಗಿತು. ಅಲ್ಲಿ ನಡೆದದ್ದನ್ನು ನೋಡಿದವರು ಚರ್ಚಿನ ಒಂಬತ್ತು ಹೆಂಗಸರು. ಇಡೀ ಹಾಡಿನಲ್ಲಿ ಅತಿ ಹೆಚ್ಚು ನಗಿಸುತ್ತಿದ್ದದ್ದು ಆ ಪದ್ಯ. ಪೈ ಹರಾಜಿನಲ್ಲಿ ಜನ ಅದನ್ನು ಮೂರು ಸಲ ಹಾಡಿಸುತ್ತಿದ್ದರು, ಆರ್ಬಿನ್ ಟೋಪಿಯಿಂದ ಮುಖ ಮುಚ್ಚಿಕೊಂಡು ಭುಜ ಕುಲುಕಿಸುತ್ತ ಕೂರುತ್ತಿದ್ದ. ನಾನಾಗ ಹದಿನಾಲ್ಕರ ಹುಡುಗಿ. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

ಈಗ ಮುಷ್ಕರ. 1974. ಯೂನಿಯನ್ನನ್ನು ಒಪ್ಪಿಕೊಳ್ಳಿ ಎಂದು ಹದಿಮೂರು ತಿಂಗಳು ಗಣಿಯ ಗೇಟಿನ ಮುಂದೆ ನಿಂತೆವು. ಗೇಟಿನಲ್ಲಿ ಮೂವರಿಗಿಂತ ಹೆಚ್ಚು ಕಾರ್ಮಿಕರು ನಿಲ್ಲಕೂಡದೆಂದು ನ್ಯಾಯಾಧೀಶರು ಆಜ್ಞೆ ಹೊರಡಿಸಿದರು. ಆ ಆಜ್ಞೆಯಲ್ಲಿ ಹೆಂಡಂದಿರ ಸುದ್ದಿ ಇರಲಿಲ್ಲ. ನಾವು ಹೋಗಿ ನಿಂತೆವು, ನಲವತ್ತು ಹೆಂಗಸರು. ನನ್ನ ಹೆಸರು ಡೆಲ್ಫಿಯಾ ಸ್ಟರ್ಗಿಲ್, ಆ ಸಾಲಿಗೆ ಮುಂದಾಳು ನಾನು. ನಾಲ್ಕು ಸಲ ಜೈಲಿಗೆ ಹೋಗಿದ್ದೇನೆ, ಒಂದು ಸಲವೂ ಅತ್ತಿಲ್ಲ.

ಕ್ಯಾಮೆರಾ ಹಿಡಿದು, ಗಿಟಾರು ಹೊತ್ತು ಪಟ್ಟಣದಿಂದ ಬಂದವರು ನಮಗೆ ಹೋರಾಟದ ಹಾಡು ಕಲಿಸಿದರು. ಒಳ್ಳೆಯ ಹಾಡುಗಳು, ಅನ್ಯಾಯ ಹೇಳುವುದಿಲ್ಲ. ಅವರು ಇದ್ದಾಗ ಅವನ್ನು ಹಾಡಿದೆವು. ಅವರು ಮೋಟೆಲ್ಲಿಗೆ ಹೋದ ಮೇಲೆ ಬೆಂಕಿ ಸುತ್ತ ನಿಂತು ಹಂದಿಯ ಹಾಡು ಹಾಡಿದೆವು. ಇವತ್ತು ಆ ಹೋರಾಟದ ಹಾಡುಗಳ ಒಂದು ಸಾಲೂ ನನ್ನ ಬಾಯಿಗೆ ಬರುವುದಿಲ್ಲ. ಹಂದಿ ಇನ್ನೂ ಓಡುತ್ತಿದೆ. ಇದಕ್ಕೆ ಕಾರಣವೇನೆಂದು ಕಾಲೇಜಿನವರು ಬಂದು ನನ್ನನ್ನು ಕೇಳಿದ್ದಾರೆ. ಏನು ಹೇಳಲಿ? ಆ ಹಾಡುಗಳಲ್ಲಿ ನಾವೆಲ್ಲ "ಜನ" ಆಗಿದ್ದೆವು. ಹಂದಿಯ ಹಾಡಿನಲ್ಲಿ ನಮ್ಮಪ್ಪ ನಮ್ಮಪ್ಪನೇ, ಅವನ ಜೋಳ ಅವನ ಜೋಳವೇ.

ಆರ್ಬಿನ್ ಗಣಿಯಲ್ಲಿ ಪಂಪು ನೋಡಿಕೊಳ್ಳುವವನು. ನೆಲದಡಿಯ ಗಣಿಗೆ ನೀರು ಸದಾ ಒಸರುತ್ತದೆ. ದಿನವೂ ಎತ್ತಿ ಹಾಕದಿದ್ದರೆ ತಗ್ಗಿನ ಭಾಗ ಮುಳುಗಿ, ತಲೆಯ ಮೇಲಿನ ಬಂಡೆ ಮೆತ್ತಗಾಗಿ ಕುಸಿಯುತ್ತದೆ. ಮುಷ್ಕರದ ಕಾಲದಲ್ಲಿ ಪಂಪಿನವನನ್ನು ಒಳಗೆ ಬಿಡುವುದು ಹಳೆಯ ರೂಢಿ. ಆದರೆ ನಮ್ಮ ಸಮಿತಿ ಈ ಸಲ ಬೇಡ ಎಂದು ತೀರ್ಮಾನಿಸಿತು. ಪಂಪನ್ನು ಕಂಪನಿಯ ಸಾಹೇಬರೇ ನಡೆಸಿಕೊಳ್ಳಲಿ, ಗಣಿ ಮುಳುಗುತ್ತದೆಂಬ ಭಯವಾದರೆ ಬೇಗ ದಾರಿಗೆ ಬರುತ್ತಾರೆ. ಕೈ ಎತ್ತಿದವರಲ್ಲಿ ಆರ್ಬಿನ್ನೂ ಒಬ್ಬ.

ಎಂಟನೆಯ ತಿಂಗಳು, ಒಂದು ಸೋಮವಾರ ಬೆಳಿಗ್ಗೆ, ಬುತ್ತಿಯ ಡಬ್ಬಿ ಹಿಡಿದು ಅವನು ರಸ್ತೆಯಲ್ಲಿ ನಡೆದು ಬಂದ. ಜೆಲ್ಲಾ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದಳು.

"ಎಲ್ಲಿಗೆ ಆರ್ಬಿನ್?" ಎಂದೆ.

"ಪಂಪಿಗೆ."

"ಕೈ ಎತ್ತಿದ್ದೆ ನೀನು."

"ಎತ್ತಿದ್ದೆ. ನೀರೂ ಎತ್ತರಕ್ಕೆ ಬಂದೈತೆ ಡೆಲ್ಫಿ. ಆ ಸಾಹೇಬ್ರ ಕೈಯಲ್ಲಿ ಅದು ನಡೆಯಲ್ಲ. ನಂಗೊತ್ತು ಅದರ ಗುಣ."

"ಮುಳುಗ್ಲಿ ಬಿಡು ಕಂಪನಿ."

"ಕಂಪನಿ ಇರೋದು ನ್ಯೂಯಾರ್ಕಿನಾಗೆ. ಅಷ್ಟು ದೂರ ನೀರು ಹೋಗಲ್ಲ. ಮುಳುಗೋದು ನಮ್ಮ ಮೂರನೇ ಸುರಂಗ."

"ಒಳಗೆ ಕಾಲಿಟ್ರೆ ನೀನು ದ್ರೋಹಿ. ಆಮೇಲೆ ಯಾವ ಕಥೇನೂ ನಡೆಯಲ್ಲ."

ಅವನು ಜೆಲ್ಲಾಳನ್ನು ನೋಡಿದ. ಅವಳು ಬೆಂಕಿಯನ್ನು ನೋಡಿದಳು. ಅವನು ಒಳಗೆ ಹೋದ. ನಾವು ಉಗಿದೆವು, ನಾನು ಮೊದಲು.

ನಾಲ್ಕು ದಿನ. ಐದನೆಯ ದಿನ ಸಾಹೇಬರು, ಪಂಪು ಸರಿಹೋಯಿತಲ್ಲ, ಇನ್ನು ಕಲ್ಲಿದ್ದಲು ಕಡಿ, ಈ ಕಾಗದಕ್ಕೆ ಸಹಿ ಹಾಕು ಎಂದರು. ಅವನು ಡಬ್ಬಿ ತಗೊಂಡು ಹೊರಗೆ ಬಂದ. ನೇರ ಬಂದು ನಮ್ಮ ಸಾಲಿನ ತುದಿಗೆ ನಿಂತ. ಯಾರೂ ಜಾಗ ಕೊಡಲಿಲ್ಲ, ಯಾರೂ ಓಡಿಸಲೂ ಇಲ್ಲ. ಐದು ತಿಂಗಳು ಹಾಗೇ ನಿಂತ. ಕಾಫಿಯ ಕೆಟಲ್ಲು ಅವನವರೆಗೆ ಬರುವಾಗ ಪ್ರತಿ ದಿನವೂ ಖಾಲಿಯಾಗಿರುತ್ತಿತ್ತು. ಅಷ್ಟು ಲೆಕ್ಕವಾಗಿ ಸುರಿಯುತ್ತಿದ್ದದ್ದು ನಾನೇ.

ಅವನು ಬಂದು ನಿಂತ ಮರುದಿನ ಬೆಳಿಗ್ಗೆ ಹಾಡು ಎದ್ದಿತು. ಒಂಬತ್ತನೆಯ ಮನೆ, ಹತ್ತನೆಯ ಮನೆ. ಹನ್ನೊಂದಕ್ಕೆ ಬಂದಾಗ ಎಲ್ಲರ ದನಿ ಕುಗ್ಗಿತು. ಏನು ಮಾಡುವುದೆಂದು ತಿಳಿಯದೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಲಂಗ ಎತ್ತಿಕೊಂಡು ಜಾಗದಲ್ಲೇ ಒಂದು ಹಾರು ಹಾರಿದೆ, ಹಂದಿ ಆ ಮನೆ ಮುಟ್ಟಲೂ ಒಲ್ಲದೆ ಮೇಲಿನಿಂದ ಹಾರಿಹೋಯಿತು ಎಂಬ ಹಾಗೆ. ದಪ್ಪ ಹೆಂಗಸು ನಾನು, ನೆಲ ಅದುರಿತು. ಎಲ್ಲರೂ ಹೋ ಎಂದು ನಕ್ಕರು. ಮಾರನೆಯ ದಿನ ನಲವತ್ತೂ ಜನ ಹಾರಿದರು. ಜೆಲ್ಲಾ ಕೂಡ ಹಾರಿದಳು, ತನ್ನ ಮನೆಯನ್ನು ತಾನೇ.

ಗೆದ್ದೆವು. ಗಣಿ ತೆರೆಯಿತು. ನಮ್ಮ ಗಂಡಂದಿರು ಒಳಗೆ ಹೋದಾಗ ಮೂರನೇ ಸುರಂಗ ಒಣಗಿಯೇ ಇತ್ತು. ಸಾಹೇಬರು ಆಮೇಲೆ ಬೇರೆ ಕಡೆಯಿಂದ ಪಂಪಿನವನನ್ನು ತರಿಸಿದ್ದರಂತೆ, ಆದರೆ ಆರ್ಬಿನ್‌ನ ಆ ನಾಲ್ಕು ದಿನ ತಪ್ಪಿದ್ದರೆ ಆ ಹೊಸಬ ಬಂದು ನೋಡಲು ಅಲ್ಲೇನೂ ಇರುತ್ತಿರಲಿಲ್ಲ. ಹನ್ನೊಂದು ವರ್ಷ ನಮ್ಮ ಇಡೀ ತೊರೆ ಆ ಸುರಂಗದಿಂದ ಉಂಡಿತು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗಲೂ ನನ್ನ ಮಾತು ಒಂದೇ: ಅವನು ಮಾಡಿದ್ದು ತಪ್ಪು. ಎಲ್ಲರ ಜೊತೆ ಕೈ ಎತ್ತಿ ಆಮೇಲೆ ಒಬ್ಬನೇ ಬುದ್ಧಿವಂತನಾಗುವ ಹಾಗಿಲ್ಲ. ನಾಳೆ ಮತ್ತೆ ಹಾಗೆ ಬಂದರೆ ಮತ್ತೆ ಉಗಿಯುತ್ತೇನೆ. ಆದರೆ ಉಗಿದದ್ದು ಒಂದು ಬೆಳಿಗ್ಗೆ. ಹಾರಿದ್ದು ಮೂವತ್ತೇಳು ವರ್ಷ.

ಗಣಿ ಮುಚ್ಚಿದ ಮೇಲೆ ತೊರೆ ಖಾಲಿಯಾಯಿತು. ಡೇಟನ್, ಡೆಟ್ರಾಯಿಟ್ ಎಂದು ಕಾರ್ಖಾನೆಗಳಿದ್ದ ಕಡೆ ಹೋದರು. ಜೂನ್ ತಿಂಗಳ ಎರಡನೆಯ ಶನಿವಾರ ಮಾತ್ರ ಎಲ್ಲರೂ ವಾಪಸು ಬರುತ್ತಾರೆ. ಶಾಲೆಯ ಅಂಗಳದಲ್ಲಿ ಹಲಗೆ ಮೇಜು ಹಾಕಿ, ಹಂದಿಕೊಬ್ಬು ಹಾಕಿ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು, ಒಣಸೇಬಿನ ಪೈ ಇಟ್ಟು ಉಂಡು, ಆಮೇಲೆ ಹಾಡು. ಅದಕ್ಕೇ ಬರುವುದು ಅವರು. ಇಪ್ಪತ್ತಮೂರು ಮನೆಗಳಲ್ಲಿ ಈಗ ಜನವಿರುವುದು ಐದರಲ್ಲಿ. ಮಿಕ್ಕವು ಸುಟ್ಟುಹೋದವು, ನೆರೆಗೆ ಕೊಚ್ಚಿಹೋದವು, ಕೆಲವು ಸುಮ್ಮನೆ ಕೂತಲ್ಲೇ ಕುಸಿದವು. ಹಾಡಿನಲ್ಲಿ ಮಾತ್ರ ಎಲ್ಲವೂ ಸಾಲಾಗಿ ನಿಂತಿವೆ, ಹಿತ್ತಿಲಲ್ಲಿ ಬಟ್ಟೆ ಒಣಗುತ್ತಿದೆ. ನಲವತ್ತು ವರ್ಷ ಕಾರಿನ ಬಾಗಿಲಿಗೆ ಬೋಲ್ಟು ಹಾಕಿದ ಗಂಡಸರು ಈ ಪೆದ್ದು ಹಾಡು ಕೇಳಿ ಕನ್ನಡಕ ತೆಗೆದು ಒರೆಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ನಗುತ್ತಲೇ ಒರೆಸಿಕೊಳ್ಳುತ್ತಾರೆ.

ಆ ಹಾರುವುದೂ ಉಳಿಯಿತು. ಉಳಿಯಿತೇನು, ಬೆಳೆಯಿತು. ಹೊರ ಊರಲ್ಲಿ ಹುಟ್ಟಿದ ಮಕ್ಕಳಿಗೆ ಮುಷ್ಕರವೂ ಗೊತ್ತಿಲ್ಲ, ಪಂಪೂ ಗೊತ್ತಿಲ್ಲ. ಹತ್ತನೆಯ ಮನೆ ಮುಗಿಯುತ್ತಿದ್ದ ಹಾಗೆ ಬ್ಯಾಂಜೊ ನಿಲ್ಲುತ್ತದೆ, ಎಲ್ಲರೂ ಮಂಡಿ ಬಗ್ಗಿಸುತ್ತಾರೆ, "ಹಾರೋ!" ಎಂದು ಇನ್ನೂರು ಜನ ಒಟ್ಟಿಗೆ ಹಾರುತ್ತಾರೆ. ಮಕ್ಕಳು ಅದಕ್ಕೇ ಬೆಳಿಗ್ಗೆಯಿಂದ ಕಾಯುತ್ತಿರುತ್ತವೆ.

ಆರ್ಬಿನ್ ಒಂದು ವರ್ಷವೂ ತಪ್ಪಿಸಲಿಲ್ಲ. ಜೆಲ್ಲಾ ಇದ್ದಷ್ಟು ದಿನ ಅವಳ ಜೊತೆ, ಅವಳು ಸತ್ತ ಮೇಲೆ ಒಬ್ಬನೇ. ಎಲ್ಲರ ಪದ್ಯಕ್ಕೂ ಅವನದೇ ದೊಡ್ಡ ದನಿ. ಹನ್ನೊಂದು ಬಂದಾಗ ಅವನೂ ಎದ್ದು ಮಂಡಿ ಬಗ್ಗಿಸಿ ಹಾರುತ್ತಿದ್ದ. ಎಪ್ಪತ್ತೈದು ದಾಟಿದ ಮೇಲೂ. ಪಾದ ನೆಲದಿಂದ ಎರಡು ಬೆರಳು ಮೇಲೆ ಹೋಗುತ್ತಿತ್ತು, ಅಷ್ಟೇ.

ನನ್ನ ಅಕ್ಕ ಬರ್ನೆಟಾ 1969ರಲ್ಲೇ ಡೇಟನ್ನಿಗೆ ಹೋದವಳು, ಆಮೇಲೆ ಒಂದು ಜೂನಿಗೂ ಬಂದವಳಲ್ಲ. ಈಗ ಅವಳಿಗೆ ಮರೆವು. ಮಕ್ಕಳ ಹೆಸರಿಲ್ಲ, ಗಂಡ ಸತ್ತದ್ದು ನೆನಪಿಲ್ಲ. ಅವಳ ಮಗಳು ಭಾನುವಾರ ಫೋನು ಮಾಡಿ ಅವಳ ಕಿವಿಗೆ ಹಿಡಿಯುತ್ತಾಳೆ, ಅವಳು ನನಗೆ ಹಂದಿಯ ಹಾಡು ಹಾಡುತ್ತಾಳೆ. ಅಂಗಡಿಯಿಂದ ಹೊರಟು ಒಂದೊಂದೇ ಮನೆ. ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ಫೋನಿನ ವೈರು ಬೆರಳಿಗೆ ಸುತ್ತಿಕೊಂಡು ಕೇಳುತ್ತಿದ್ದೆ. ಹತ್ತನೆಯ ಮನೆ ಮುಗಿಸಿದಳು. ಅಭ್ಯಾಸಬಲ, ಕುರ್ಚಿಯಲ್ಲಿ ಕೂತೇ ನನ್ನ ಮಂಡಿ ಎದ್ದಿತು.

ಅವಳು ಹಾರಲಿಲ್ಲ. ಹಾರುವುದು ಅವಳಿಗೆ ಗೊತ್ತೇ ಇಲ್ಲ. ಅವಳು ಊರು ಬಿಟ್ಟಾಗ ಹಂದಿ ಇನ್ನೂ ಆ ಮನೆಗೆ ಹೋಗುತ್ತಿತ್ತು.

ತೊಟ್ಟಿಯೊಳಗೆ ಆರ್ಬಿನ್ ಟ್ಯಾಕೆಟ್ ಮೈಯ ಉಜ್ಜುತ್ತಿದ್ದ,
ಕಿವಿಯ ಸಂದಿಯ ಕಲ್ಲಿದ್ದಲಿಗೆ ಸೋಪು ಹಚ್ಚುತ್ತಿದ್ದ.
ಬೇಲಿ ಮುರಿದು ಬಂತು ಹಂದಿ, ತೊಟ್ಟಿ ಮಗುಚಿ ಬಿತ್ತು,
ಹಗ್ಗದ ಮೇಲಿನ ಒಂದೇ ಚಡ್ಡಿ ಹಂದಿಯ ಕತ್ತಲ್ಲಿತ್ತು!
ನೊರೆಯನುಟ್ಟು ನೊರೆಯನು ಹೊದ್ದು ಓಡಿದನಪ್ಪ ಹಿಂದೆ,
ಚರ್ಚಿಗೆ ಹೊರಟ ಒಂಬತ್ತು ಹೆಂಗಸ್ರು ನಿಂತರು ಸಾಲಾಗಿ ಮುಂದೆ...

ಅಲ್ಲಿಗೆ ನಿಂತಳು. "ಆಮೇಲೆ ಅಕ್ಕಾ?" ಎಂದೆ. ಮತ್ತೆ ಅಂಗಡಿಯಿಂದ ಶುರು ಮಾಡಿದಳು. ನಾಲ್ಕು ಭಾನುವಾರ ಹಾಡಿಸಿದೆ. ನಾಲ್ಕು ಸಲವೂ ಆ ಒಂಬತ್ತು ಹೆಂಗಸರ ಮುಂದೆ ಬಂದು ನಿಂತುಬಿಟ್ಟಳು. ಕೊನೆಯ ಎರಡು ಸಾಲು ಅವಳಲ್ಲೂ ಇರಲಿಲ್ಲ.

ಆದರೆ ಮೊದಲ ಭಾನುವಾರ, ಆ ಚಡ್ಡಿಯ ಸಾಲಿಗೆ, ನನಗೆ ನಗು ನುಗ್ಗಿ ಬಂತು. ಹದಿನಾಲ್ಕರ ಹುಡುಗಿಗೆ ಬಂದ ಹಾಗೇ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂವತ್ತೇಳು ವರ್ಷದಲ್ಲಿ ಆರ್ಬಿನ್ ಟ್ಯಾಕೆಟ್‌ನನ್ನು ನೆನೆದು ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಕೂತು ಯೋಚಿಸಿದೆ: ಇದನ್ನು ನಾನು ಯಾರಿಂದ ಕಿತ್ತುಕೊಂಡೆ? ಅವನಿಂದಲೋ, ನನ್ನಿಂದಲೋ?

ಅವನ ಮನೆಗೆ ಹೋದೆ. ಎಂಬತ್ತರ ಮುದುಕ, ಎದೆ ತುಂಬ ಗಣಿಯ ಧೂಳು, ಮೂಗಿಗೆ ಆಮ್ಲಜನಕದ ನಳಿಕೆ. ಜಗಲಿಯ ಕುರ್ಚಿಯಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದ.

"ಕಾಫಿ ತಂದಿದೀನಿ," ಎಂದು ಫ್ಲಾಸ್ಕು ಇಟ್ಟೆ.

ಅವನು ಅದನ್ನು ಅಲ್ಲಾಡಿಸಿ ನೋಡಿದ. "ತುಂಬೈತೆ! ಏನು, ಸಾಯ್ತಾ ಇದೀಯೇನೇ?"

"ನೀನು ಸಾಯ್ತಾ ಇದೀಯ. ಅದಕ್ಕೇ ಬಂದೆ."

"ಹಂಗಾದ್ರೆ ಸರಿ, ಕೂತ್ಕೋ."

ಬರ್ನೆಟಾ ಹಾಡಿದ್ದು ಹೇಳಿದೆ. ಅವನ ಕೈ ನಿಂತಿತು. ಬೀನ್ಸನ್ನು ಮಡಿಲಲ್ಲಿ ಬಿಟ್ಟು ರಸ್ತೆಯ ಕಡೆ ನೋಡಿದ.

"ಡೇಟನ್ನಿನಾಗೆ ಹಾಡ್ತಾರಾ?"

"ಅರವತ್ತರಾಗೆ ಹೋಗಿ ಮತ್ತೆ ಬರದ ಕೆಲವ್ರು ಹಂಗೇ ಹಾಡ್ತಾರಂತೆ. ಅವರಿಗೆ ಹಾರೋದು ಗೊತ್ತಿಲ್ಲ."

"ಡೇಟನ್ನಿನಾಗೆ," ಎಂದ ಮತ್ತೆ. ಅವನು ಡೇಟನ್ನಿಗೆ ಒಂದು ಸಲವೂ ಹೋದವನಲ್ಲ. "ನಗ್ತಾರಾ?"

"ನಾನೇ ನಕ್ಕೆ ಕಣೋ. ಚಡ್ಡಿಗೆ."

ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದುಕೊಂಡು ಹೇಳಿದ: "ಒಂದು ವಿಷಯ ಹೇಳ್ತೀನಿ ಡೆಲ್ಫಿ, ಬೇಜಾರು ಮಾಡ್ಕೋಬ್ಯಾಡ. ನೀವು ಉಗಿದ್ರಲ್ಲ, ಅದು ಒರೆಸ್ಕೊಂಡ್ರೆ ಹೋಯ್ತು. ಆಮ್ಯಾಕೆ ಎಲ್ರೂ ಮರ್ಯಾದೆ ಕೊಡೋಕೆ ಶುರು ಮಾಡಿದ್ರು ನೋಡು. ಹೆಂಗಿದೀರಿ ಆರ್ಬಿನ್ನವರೇ. ಕೂತ್ಕೊಳ್ಳಿ ಆರ್ಬಿನ್ನವರೇ. ಒಬ್ಬನೂ ಗೇಲಿ ಮಾಡ್ಲಿಲ್ಲ. ಜೆಲ್ಲಾ ಸತ್ತಾಗ ಹೂವು ಕಳಿಸಿದ್ರು, ಒಳ್ಳೇ ಹೂವು. ಅವಳೂ ಹಂಗೇ ಹೋದ್ಲು, ಯಾರೂ ನಗದಿರೋ ಮನೇಲಿ."

"ವಾಪಸ್ ಬೇಕು ಅಂತ ಒಂದ್ ಮಾತು ಕೇಳ್ಬೋದಿತ್ತು ನೀನು."

"ಕೇಳೋ ಹಂಗಿಲ್ವಲ್ಲ."

"ಕೊನೇ ಎರಡು ಸಾಲು ನಿಂಗೆ ಗೊತ್ತು."

"ಗೊತ್ತು."

"ಹೇಳು ಮತ್ತೆ."

"ಹೇಳೋ ಹಂಗಿಲ್ವಲ್ಲ," ಎಂದು ಬೀನ್ಸು ಕೈಗೆತ್ತಿಕೊಂಡ. "ಅದು ನಿಮ್ಮ ಹತ್ರ ಇರಬೇಕಾದ್ದು. ನಿಮ್ಮ ಹತ್ರ ಇಲ್ಲ ಅಂದ್ರೆ ಇಲ್ಲ."

ಆ ಎರಡು ಸಾಲಿಗಾಗಿ ನಾನು ತಿರುಗದ ಬಾಗಿಲಿಲ್ಲ. ಐಸಿ ಅಜ್ಜಿ ಬರೆದಿಟ್ಟವಳಲ್ಲ, ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಡೆಟ್ರಾಯಿಟ್ಟಿಗೆ, ಸಿನ್ಸಿನಾಟಿಗೆ ಫೋನು ಮಾಡಿದೆ. ಒಬ್ಬರಿಗೆ ಒಂದು ಸಾಲು, ಒಬ್ಬರಿಗೆ ಮೂರು. ಕೊನೆಯ ಎರಡು ಯಾರಿಗೂ ಇಲ್ಲ. ಆ ಪದ್ಯದಲ್ಲಿ ಆರನೆಯ ಸಾಲಿಗೇ ಜನ ಬಿದ್ದು ಬಿದ್ದು ನಗಲು ಶುರುಮಾಡುತ್ತಿದ್ದರು. ಕೊನೆಯ ಎರಡನ್ನು ಯಾರೂ ಯಾವತ್ತೂ ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ. ಬಾಯಿ ಮುಚ್ಚಿ ಕೂತು ಕೇಳಿಸಿಕೊಂಡವನು ಒಬ್ಬನೇ.

ಕೊನೆಗೆ ನಾನೇ ಎರಡು ಕಟ್ಟಿದೆ:

ಹೆಂಗಸರೆಲ್ಲ ಕಿರುಚಿಕೊಂಡ್ರು, ಪಾದ್ರಿ ಕಣ್ಣು ಮುಚ್ಚಿದ,
ಆರ್ಬಿನ್ ಟ್ಯಾಕೆಟ್ ಎಲೆಯ ಕಿತ್ತು ತನ್ನ ಮಾನ ಮುಚ್ಚಿದ.

ಈಗ ಹಾಡು ಎತ್ತಿಕೊಡುವವಳು ಐಸಿ ಅಜ್ಜಿಯ ಮೊಮ್ಮಗಳು ರೆಂಡಾ. ನಲವತ್ತರ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು, ಅಜ್ಜಿಯದೇ ಬ್ಯಾಂಜೊ. ಜೂನಿನ ಮೊದಲ ವಾರ ಅವಳ ಅಡುಗೆಮನೆಯಲ್ಲಿ ಕೂತು ಹೇಳಿದೆ: ಈ ವರ್ಷ ಹಾರುವುದು ಬೇಡ, ಪದ್ಯ ಹಾಡೋಣ.

"ಡೆಲ್ಫಿ ಅತ್ತೆ, ತಲೆ ಕೆಟ್ಟಿದೆಯಾ? ಮಕ್ಕಳು ಬರೋದೇ ಆ ಹಾರೋದಕ್ಕೆ. ಅದನ್ನ ತೆಗೆದ್ರೆ ಮುಂದಿನ ವರ್ಷ ಅವರಪ್ಪ ಅಮ್ಮ ಮಾತ್ರ ಬರ್ತಾರೆ. ಅದರ ಮುಂದಿನ ವರ್ಷ ಅವರೂ ಇಲ್ಲ."

"ಅದನ್ನ ಹುಟ್ಟಿಸಿದ್ದು ನಾನು ಕಣೇ. ನಾನೇ ತೆಗೀತೀನಿ."

"ನೀವು ಹುಟ್ಟಿಸಿದ್ರಿ. ಸಾಕಿದ್ದು ಅವರು. ಈಗ ಅದು ನಿಮ್ಮದಲ್ಲ."

"ಅಲ್ಲೊಬ್ಬ ಮನುಷ್ಯ ಕೂತಿರ್ತಾನೆ ರೆಂಡಾ. ಅವನ ಮನೆ ಅದು."

"ಆರ್ಬಿನ್ ತಾತನೂ ಹಾರ್ತಾರಲ್ಲ, ಖುಷಿಯಾಗಿ!"

ನಾನು ಅವಳ ಮುಖ ನೋಡಿದೆ. ಇವಳಿಗೆ ನಿಜವಾಗಿ ಗೊತ್ತಿಲ್ಲ. ಹೇಳಿದೆ, ಎಲ್ಲಾ, ಕಾಫಿಯ ಕೆಟಲ್ಲಿನವರೆಗೆ. ಅವಳು ಒಲೆ ಆರಿಸಿ ಕೂತಳು.

"ಬ್ಯಾಂಜೊ ನಿಲ್ಲಿಸ್ತೀನಿ," ಎಂದಳು ಕೊನೆಗೆ. "ನೀವು ಎದ್ದು ಹಾಡಿ. ಅವರು ಹಾರದೇ ಇದ್ರೆ ನಿಮ್ಮ ಪುಣ್ಯ. ಇನ್ನೂರು ಜನರ ಕಾಲು ಹಿಡ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಆ ಶನಿವಾರ ಬಿಸಿಲು ಚೆನ್ನಾಗಿತ್ತು. ಆರ್ಬಿನ್‌ನನ್ನು ಕುರ್ಚಿಯಲ್ಲಿ ಕೂರಿಸಿ, ಸಿಲಿಂಡರನ್ನು ಪಕ್ಕದಲ್ಲಿಟ್ಟು, ಮುಂದಿನ ಸಾಲಿಗೆ ತಂದಿದ್ದೆ. ಹಾಡು ಹೊರಟಿತು. ಹತ್ತನೆಯ ಮನೆ ಮುಗಿಯಿತು. ರೆಂಡಾ ಬ್ಯಾಂಜೊ ನಿಲ್ಲಿಸಿದಳು. ನಾನು ಎದ್ದು ಅವನ ಎದುರು ನಿಂತು ಬಾಯಿ ತೆರೆದೆ, "ತೊಟ್ಟಿಯೊಳಗೆ ಆರ್ಬಿನ್ ಟ್ಯಾಕೆಟ್..."

"ಹಾರೋ!"

ಇನ್ನೂರು ಜನ. ನೆಲ ಅದುರಿತು. ಮಕ್ಕಳಂತೂ ಒಂದು ಸಲ ಸಾಲದೆ ಎರಡು, ಮೂರು ಸಲ ಹಾರಿದವು, ಕಿರುಚಿದವು, ಒಂದರ ಮೇಲೊಂದು ಬಿದ್ದು ನಕ್ಕವು. ನಾನು ನಿಲ್ಲಿಸಲಿಲ್ಲ. ಗೇಟಿನ ಮುಂದೆ ಪೊಲೀಸರ ಸೈರನ್ನಿನ ಎದುರು ಕೂಗಿದ ಗಂಟಲು ಇದು. ಎಂಟೂ ಸಾಲು ಅವನ ಮುಖ ನೋಡಿಕೊಂಡು ಹಾಡಿದೆ. ನನ್ನ ದನಿ ನನಗೇ ಕೇಳಿ ಬರಲಿಲ್ಲ. ಅಷ್ಟರಲ್ಲಿ ಜನ ಹನ್ನೆರಡನೆಯ ಮನೆಗೆ ಹೋಗಿಯಾಗಿತ್ತು.

ಆರ್ಬಿನ್ ಆ ವರ್ಷ ಹಾರಲಿಲ್ಲ. ಕಾಲಲ್ಲಿ ಶಕ್ತಿ ಇರಲಿಲ್ಲ. ಬಾಯಿ ಮುಚ್ಚಿಕೊಂಡು, ಕೂರಬೇಕಾದ ರೀತಿಯಲ್ಲೇ ಕೂತಿದ್ದ.

ಆಮೇಲೆ ಮರದ ಕೆಳಗೆ ತಟ್ಟೆ ಹಿಡಿದು ಅವನ ಪಕ್ಕ ಕೂತೆ.

"ಕೇಳಿಸ್ತಾ?"

"ಕೇಳಿಸ್ತು. ಆರು ಸಾಲು ಅಜ್ಜೀದೇ, ಸರಿಯಾಗೈತೆ. ಕೊನೇ ಎರಡು ಯಾವ ಕತ್ತೆ ಕಟ್ಟಿದ್ದು?"

"ನಾನೇ."

"ಗೊತ್ತಾಯ್ತು. ಮುಚ್ಚಿದ, ಮುಚ್ಚಿದ. ಯೂನಿಯನ್ ಕರಪತ್ರ ಓದ್ದಂಗಾಯ್ತು."

"ನಿಜವಾದ್ದು ಹೇಳೋ ಮಾರಾಯ. ಇಲ್ಲಿ ಯಾರೂ ಇಲ್ಲ, ನಾನೊಬ್ಬಳೇ."

ಅವನು ಪೈಯ ಚೂರು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ನಳಿಕೆಯಲ್ಲಿ ಉಸಿರು ಸುಯ್‌ಗುಟ್ಟಿತು. "ಬ್ಯಾಡ. ಎಲ್ರೂ ಒಪ್ಪಿದ ಕಟ್ಟು ಮುರಿದಿದ್ದು ಒಂದ್ಸಲ ಸಾಕು." ಆಮೇಲೆ, ನನ್ನ ಕಡೆ ನೋಡದೆ, ಕೇಳಿದ: "ಯಾರಾದ್ರೂ ನಕ್ಕರಾ?"

ಸುಳ್ಳು ಹೇಳಬಹುದಿತ್ತು. ನನಗೆ ಬರುವುದಿಲ್ಲ. "ಇಲ್ಲ. ಅವರು ಹಾರಿದ್ದಕ್ಕೆ ನಕ್ಕರು."

"ನೀನು?"

"ನಾನು ಹಾಡ್ತಿದ್ನಲ್ಲ."

"ಹಂಗಾದ್ರೆ ಆಗ್ಲಿಲ್ಲ ಬಿಡು," ಎಂದ. ಕೋಪವಿರಲಿಲ್ಲ. ಕೆಟ್ಟ ಪಂಪಿನ ಬಗ್ಗೆ ಹೇಳುವ ಹಾಗೆ ಹೇಳಿದ.

ಸೆಪ್ಟೆಂಬರಿನಲ್ಲಿ ಸತ್ತ. ಬೆಟ್ಟದ ಮೇಲೆ ಜೆಲ್ಲಾಳ ಪಕ್ಕ ಹೂತೆವು. ನಮ್ಮ ಚರ್ಚಿನಲ್ಲಿ ಹಿರಿಯರು ಒಂದು ಸಾಲು ಹೇಳಿಕೊಡುತ್ತಾರೆ, ಮಿಕ್ಕವರು ಎಳೆದು ಎಳೆದು ಹಾಡುತ್ತಾರೆ, ವಾದ್ಯ ಕೂಡದು. ಅಲ್ಲಿ ಹಂದಿಗೆ ಜಾಗವಿಲ್ಲ, ನಾನೂ ಕೇಳಲಿಲ್ಲ. ಎರಡು ಸಾಲು ಅವನ ಜೊತೆಗೇ ಹೋದವು. ಮರುವರ್ಷ ಜೂನಿನಲ್ಲಿ ನಾನು ಮತ್ತೆ ಎದ್ದು ನಿಂತೆ, ಅವರು ಮತ್ತೆ ಹಾರಿದರು. ಈ ವರ್ಷವೂ ಅಷ್ಟೇ. ಅವರನ್ನು ಬೈಯುವುದಿಲ್ಲ, ಆ ಕಾಲುಗಳಿಗೆ ಕಲಿಸಿದವಳು ನಾನು.

ಅದಕ್ಕೇ ಇದನ್ನು ಕಾಗದಕ್ಕೆ ಹಾಕಿದ್ದೇನೆ. ನೀವು ನಮ್ಮ ತೊರೆಯವರಲ್ಲ, ನಿಮ್ಮ ಮಂಡಿಗೆ ಆ ಅಭ್ಯಾಸವಿಲ್ಲ. ಈ ಕಾಗದದಲ್ಲೇ ಮೇಲೆ ಹೋಗಿ ಆ ಆರು ಸಾಲನ್ನು ಹಿಡಿಯಿರಿ, ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು, ಅವನ ಹೆಸರು ಹೇಳಿ ಹಾಡಿ. ನನ್ನ ಎರಡು ಸಾಲು ಹೊಡೆದುಹಾಕಿ, ಅವು ಕೆಟ್ಟವು. ಸೋಪಿನ ನೊರೆ ಬಿಟ್ಟು ಮೈಮೇಲೆ ಏನೂ ಇಲ್ಲದ ಒಬ್ಬ ಮನುಷ್ಯ ಒಂಬತ್ತು ಹೆಂಗಸರ ಮುಂದೆ ನಿಂತಿದ್ದಾನೆ. ಅವನನ್ನು ಮನೆ ಮುಟ್ಟಿಸುವ ಎರಡು ಸಾಲು ನೀವು ಕಟ್ಟಿ. ಪಾಪ ಎನ್ನಬೇಡಿ. ಅದು ಅವನಿಗೆ ಬೇಕಾದಷ್ಟು ಸಿಕ್ಕಿದೆ. ನಗಿ.